ಮಕ್ಕಳ ಮನೆಯಲ್ಲಿ ಕ್ರಿಸ್ಮಸ್: ಈ ಸಲ ಕುಸ್ವಾರ್ ತಟ್ಟೆ ಮಕ್ಕಳ ಕೈಯಿಂದ ಹೊರಡಲಿ

ಬೆಂದೂರಿನ ಅಡುಗೆಮನೆ

ಡಿಸೆಂಬರ್ ಹತ್ತಿರ ಬಂತೆಂದರೆ ನಾವು ಕರಾವಳಿಯವರು ಒಬ್ಬರಿಗೊಬ್ಬರು ಬರೆದುಕೊಳ್ಳುವ ಈ ಬಳಗದಲ್ಲಿ ಏಳುವ ಪ್ರಶ್ನೆಯನ್ನು ಈ ಸಲ ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲ ಶುರುವಾಗುವ ಮೊದಲೇ ಎತ್ತುತ್ತಿದ್ದೇನೆ. ಪಕ್ಕದ ಬೀದಿಯ ಮಕ್ಕಳ ಮನೆಯಲ್ಲಿ, ಅಂದರೆ ಪಾಲನೆಯ ಅಗತ್ಯವಿರುವ ಮಕ್ಕಳು ಬೆಳೆಯುವ ಸಂಸ್ಥೆಯಲ್ಲಿ, ಕ್ರಿಸ್ಮಸ್‌ಗೆ ಏನು ಮಾಡೋಣ?

ಪ್ರತಿ ವರ್ಷ ಉತ್ತರ ಬಹುಮಟ್ಟಿಗೆ ಒಂದೇ. ಕೇಕ್, ಚಾಕಲೇಟ್, ಹೊಸ ಬಟ್ಟೆ, ಸಾಂತಾ ವೇಷ ತೊಟ್ಟ ಒಬ್ಬರು, ನಾಲ್ಕು ಕ್ಯಾರಲ್, ಮಧ್ಯಾಹ್ನ ಬಿರಿಯಾನಿ. ಮಕ್ಕಳಿಗೆ ಖುಷಿಯಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಮನೆಗಳಲ್ಲಿ ಹಬ್ಬ ಹಾಗೆ ಬರುವುದಿಲ್ಲವಲ್ಲ. ಇಲ್ಲಿ ಹಬ್ಬವೆಂದರೆ ಮೊದಲು ಕುಸ್ವಾರ್, ಅಂದರೆ ಮನೆಯಲ್ಲೇ ಮಾಡುವ ಕ್ರಿಸ್ಮಸ್ ತಿಂಡಿಗಳ ದುಡಿಮೆ. ವಾರ ಹತ್ತು ದಿನ ಇರುವಾಗಲೇ ಅಕ್ಕಿ ಹುರಿದು ಹಿಟ್ಟು ಮಾಡಿಸಬೇಕು, ಎಳ್ಳು ಆರಿಸಬೇಕು, ತೆಂಗಿನಕಾಯಿ ತುರಿದು ಹಾಲು ಹಿಂಡಬೇಕು. ಸಂಜೆ ಶಾಲೆಯಿಂದ ಬಂದ ಮಕ್ಕಳೆಲ್ಲ ಮೇಜಿನ ಸುತ್ತ ಕುಳಿತು ಕಿಡಿಯೊ ಉರುಟಬೇಕು. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನಿನ ಮೇಲೋ ಒತ್ತಿ ಹೆಬ್ಬೆರಳಿನಿಂದ ಸುರುಳಿಸಿದರೆ ಗೆರೆಗೆರೆಯಾಗಿ ಕಿಡಿಯೊ ಸಿದ್ಧ. ಯಾರದ್ದು ಸಣ್ಣದು, ಯಾರದ್ದು ದಪ್ಪ, ಯಾರು ಹಸಿ ಹಿಟ್ಟು ಬಾಯಿಗೆ ಹಾಕಿಕೊಂಡರು ಎಂಬ ಜಗಳದೊಂದಿಗೇ ಕೆಲಸ ಸಾಗುತ್ತದೆ. ಕರ್ಜಿಕಾಯಿಯಂಥ ನೆವ್ರಿಯ ಅಂಚನ್ನು ಚಕ್ರದಿಂದ ಕತ್ತರಿಸುವ ಅಧಿಕಾರ ಮಾತ್ರ ದೊಡ್ಡ ಮಗುವಿನದು.

ಇದೆಲ್ಲ ಆದ ಮೇಲೆ ಬರುವುದೇ ನನಗೆ ಮುಖ್ಯ. ತಟ್ಟೆಯಲ್ಲಿ ಗುಳಿಯೊ (ಅಕ್ಕಿ ಹಿಟ್ಟಿನ ಸಣ್ಣ ಉಂಡೆ), ನೆವ್ರಿ, ಕೊಕ್ಕಿಸಾಂ (ಅಚ್ಚಿನಲ್ಲಿ ಕರಿದ ಹೂವಿನಾಕಾರದ ತಿಂಡಿ), ಎಳ್ಳಿನ ಲಾಡು, ಒಂದು ತುಂಡು ಕೇಕ್ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ಕೊಟ್ಟು ನೆರೆಮನೆಗಳಿಗೆ ಕಳುಹಿಸುತ್ತೇವೆ. ಭಟ್ಟರ ಮನೆಯ ತಟ್ಟೆಗೆ ಮೊಟ್ಟೆ ಹಾಕಿದ್ದು ಹೋಗಬಾರದು ಎಂದು ಎರಡೆರಡು ಸಲ ಹೇಳಿ ಕಳುಹಿಸುವುದೂ ಇದೆ. ಹಬ್ಬದಲ್ಲಿ ನಮ್ಮ ಮಕ್ಕಳು ಕೊಡುವವರಾಗುವುದು ಆ ಹೊತ್ತಿನಲ್ಲಿ.

ಮಕ್ಕಳ ಮನೆಯಲ್ಲಿರುವವರಿಗೆ ಡಿಸೆಂಬರ್ ಪೂರ್ತಿ ಕೈ ಚಾಚಿ ಪಡೆಯುವ ತಿಂಗಳು. ಅವರ ಕೈಯಿಂದ ಯಾರ ಮನೆಗೂ ತಟ್ಟೆ ಹೋಗುವುದಿಲ್ಲ. ಈ ಸಲ ನಾವು ತಿಂಡಿ ಕೊಂಡೊಯ್ಯುವ ಬದಲು ಸಾಮಾನು ಕೊಂಡೊಯ್ಯೋಣ. ಅವರೊಂದಿಗೆ ಕುಳಿತು ಕುಸ್ವಾರ್ ಮಾಡೋಣ. ತಟ್ಟೆಗಳನ್ನು ಅವರೇ ಬೀದಿಯ ಮನೆಗಳಿಗೆ ಹಂಚಲಿ. ನಮ್ಮ ಮನೆಗೂ ಅವರು ತರಲಿ, ನಾವು ಬಾಗಿಲಲ್ಲಿ ನಿಂತು ತೆಗೆದುಕೊಳ್ಳೋಣ. ಏನೆನ್ನುತ್ತೀರಿ?

ಕುಲಶೇಖರದ ಅಪ್ಪ

ಅಕ್ಕಾ, ಯೋಚನೆ ಚೆನ್ನಾಗಿದೆ. ನನ್ನ ಮಗಳಿಗೆ ಹೇಳಿದೆ, ಅವಳು ಈಗಲೇ ಏಪ್ರನ್ ಹುಡುಕುತ್ತಿದ್ದಾಳೆ. ಆದರೆ ಒಂದು ತೊಡಕಿದೆ. ನಮ್ಮ ಕಂಪನಿಯ ಗೆಳೆಯರು ಕಳೆದ ವರ್ಷದಂತೆ ಈ ವರ್ಷವೂ ಊಟದ ಖರ್ಚು ಕೊಡಲು ಮುಂದೆ ಬಂದಿದ್ದಾರೆ. ಅವರಿಗೆ ಕಾರ್ಯಕ್ರಮದ ಫೋಟೋ ಬೇಕು. ಮಕ್ಕಳು ಉಡುಗೊರೆ ಹಿಡಿದು ನಿಂತಿರುವ ಫೋಟೋ ಇದ್ದರೆ ಮುಂದಿನ ವರ್ಷ ಇನ್ನೂ ನಾಲ್ಕು ಮಂದಿ ಸೇರುತ್ತಾರೆ ಎನ್ನುವುದು ಅವರ ವಾದ. ಮಕ್ಕಳಿಗೇ ಒಳ್ಳೆಯದಾಗುವುದಾದರೆ ನಾಲ್ಕು ಫೋಟೋ ಹಾಕಿದರೆ ಏನು ತೊಂದರೆ? ಬಲ್ಲವರು ಹೇಳಿ, ನಾನು ಅವರಿಗೆ ಉತ್ತರ ಕೊಡಬೇಕಾಗಿದೆ.

ಬಲ್ಮಠದ ವಕೀಲ

ಫೋಟೋ ಬೇಡ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಗೆಳೆಯರಿಗೆ ಹಾಗೆಯೇ ಕಳುಹಿಸಬಹುದು.

ಇಂತಹ ಮನೆಗಳೆಲ್ಲ 2015ರ ಬಾಲನ್ಯಾಯ ಕಾಯ್ದೆಯ ಅಡಿಯಲ್ಲಿ ನೋಂದಣಿಯಾಗಿರಬೇಕು. ಮಗು ಅಲ್ಲಿಗೆ ಬರುವುದು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ. ಸಮಿತಿ ಎಂದರೆ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಅವರು ವಿಚಾರಣೆ ನಡೆಸಿ, ಮನೆಯ ಸ್ಥಿತಿಗತಿ ತಿಳಿದು, ಮಗುವಿಗೆ ಪಾಲನೆ ಮತ್ತು ರಕ್ಷಣೆಯ ಅಗತ್ಯವಿದೆ ಎಂದು ತೀರ್ಮಾನಿಸಿದ ಮೇಲೆ ಮಗು ಆ ಮನೆಯಲ್ಲಿ ಉಳಿಯುತ್ತದೆ. ಕಾಯ್ದೆಯ 74ನೇ ಸೆಕ್ಷನ್ ಇಂತಹ ವಿಚಾರಣೆಗಳ ವರದಿಯಲ್ಲಿ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತುವ ಬೇರೆ ಯಾವ ವಿವರವನ್ನೂ ಮಾಧ್ಯಮದಲ್ಲಿ ಹೊರಹಾಕಬಾರದು ಎನ್ನುತ್ತದೆ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪತ್ರಿಕೆಗೆ ಮಾತ್ರ ಅನ್ವಯ ಎಂದುಕೊಳ್ಳಬೇಡಿ, ಸಂವಹನದ ಇತರ ಬಗೆಗಳೂ ಅದರೊಳಗೆ ಬರುತ್ತವೆ.

ಕಾನೂನಿನ ಮಾತು ಬದಿಗಿರಲಿ. ಆ ಮಕ್ಕಳಲ್ಲಿ ಕೆಲವರು ಹಿಂಸೆಯ ಮನೆಯಿಂದ ತಪ್ಪಿಸಿಕೊಂಡು ಬಂದವರು. ಮಗು ಎಲ್ಲಿದೆ ಎಂದು ಹುಡುಕುತ್ತಿರುವವರು ಹೊರಗೆ ಇರಬಹುದು. ಹಿಂದಿನ ಗೋಡೆಯ ಮೇಲಿನ ಫಲಕ ಒಂದೇ ಸಾಕು, ಜಾಗ ಗೊತ್ತಾಗಿಬಿಡುತ್ತದೆ. ಇನ್ನೊಂದು ಮಾತು. ಇಂದು ಎಂಟು ವರ್ಷದ ಹುಡುಗ ನಾಳೆ ಕಾಲೇಜಿಗೆ ಸೇರುತ್ತಾನೆ. ಸಹಪಾಠಿಯ ಮೊಬೈಲ್‌ನಲ್ಲಿ ಅವನ ಆ ಹಳೆಯ ಫೋಟೋ, ಕೆಳಗೆ ‘ಅನಾಥ ಮಕ್ಕಳೊಂದಿಗೆ ಕ್ರಿಸ್ಮಸ್’ ಎಂಬ ಬರಹದ ಸಹಿತ, ಕಾಣಿಸಿಕೊಂಡರೆ ಅವನು ಯಾರಿಗೆ ಹೇಳಿಕೊಳ್ಳಬೇಕು? ಅಷ್ಟಕ್ಕೂ ಅಲ್ಲಿರುವ ಎಲ್ಲರೂ ಅನಾಥರಲ್ಲ. ತಾಯಿ ಇದ್ದೂ ಸಾಕಲಾಗದ ಸ್ಥಿತಿಯಿಂದ ಬಂದವರು ಬಹಳ. ಆ ತಾಯಿಯೂ ಫೋಟೋ ನೋಡಬಹುದು.

ನಿಮ್ಮ ಗೆಳೆಯರಿಗೆ ಏನಾದರೂ ತೋರಿಸಲೇಬೇಕೆಂದಿದ್ದರೆ ಮಕ್ಕಳು ಕಟ್ಟಿದ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಚಿತ್ರ ತೆಗೆಯಿರಿ, ತಟ್ಟೆಗಳ ಚಿತ್ರ ತೆಗೆಯಿರಿ. ಸಂಸ್ಥೆಯವರಿಂದ ರಸೀದಿ, ಒಂದು ಪತ್ರ ಪಡೆಯಿರಿ.

ಮಣಿಪಾಲದ ವಿದ್ಯಾರ್ಥಿ

ನಮ್ಮ ಹಾಸ್ಟೆಲ್‌ನ ತಂಡವೂ ಉಡುಪಿಯ ಕಡೆಯ ಒಂದು ಮನೆಗೆ ಹೋಗುವ ತಯಾರಿಯಲ್ಲಿದೆ, ಆದ್ದರಿಂದ ಈ ಚರ್ಚೆಯನ್ನು ಎಲ್ಲರಿಗೂ ಓದಿಸುತ್ತಿದ್ದೇನೆ. ಫೋಟೋ ವಿಷಯದಲ್ಲಿ ವಕೀಲರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಸಾಂತಾ ಕತೆಯ ಮೂಲದಲ್ಲಿರುವ ಸಂತ ನಿಕೋಲಾಸ್ 4ನೇ ಶತಮಾನದಲ್ಲಿ ಮೈರಾ ಎಂಬ ಊರಿನ ಬಿಷಪ್ ಆಗಿದ್ದವರು. ಈಗ ಆ ಜಾಗ ಟರ್ಕಿಯಲ್ಲಿದೆ. ಅವರ ಹಬ್ಬ ಡಿಸೆಂಬರ್ 6. ಮದುವೆಗೆ ಹಣವಿಲ್ಲದ ಮೂವರು ಹೆಣ್ಣುಮಕ್ಕಳ ಮನೆಗೆ ಅವರು ರಾತ್ರಿ ಹೊತ್ತು, ಯಾರಿಗೂ ಕಾಣದಂತೆ ಹೊನ್ನಿನ ಚೀಲ ಎಸೆದು ಹೋದರು ಎಂಬುದು ಐತಿಹ್ಯ. ಕೊಟ್ಟವರ ಮುಖ ಪಡೆದವರಿಗೆ ತಿಳಿಯದಿರಲಿ ಎಂಬುದೇ ಆ ಕತೆಯ ತಿರುಳು. ಅವರ ವೇಷ ತೊಟ್ಟುಕೊಂಡು ನಾವು ಕ್ಯಾಮೆರಾ ಮುಂದೆ ನಿಲ್ಲುವುದು ಸರಿ ಕಾಣುವುದಿಲ್ಲ.

ನನ್ನ ಪ್ರಶ್ನೆ ಬೇರೆ. ನಮ್ಮಲ್ಲಿ ಹಣ ಕಡಿಮೆ, ಕೈಕಾಲು ಗಟ್ಟಿ. ಅಡುಗೆ ಬಾರದ ಹುಡುಗರು ಅಲ್ಲಿ ಏನು ಮಾಡಬಹುದು?

ಅಲ್ಲೇ ಬೆಳೆದವಳು

ನಾನು ಈ ಬಳಗದಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಈ ವಿಷಯಕ್ಕೆ ಬರೆಯದೆ ಇರಲಾಗಲಿಲ್ಲ. ಏಳನೆಯ ವಯಸ್ಸಿನಿಂದ ಹದಿನೆಂಟು ತುಂಬುವವರೆಗೆ ನಾನು ಕರಾವಳಿಯ ಒಂದು ಮಕ್ಕಳ ಮನೆಯಲ್ಲಿ ಬೆಳೆದವಳು. ಈಗ ಉಡುಪಿಯಲ್ಲಿ ನರ್ಸ್ ಆಗಿದ್ದೇನೆ. ಆ ಮನೆಯ ಹೆಸರು ಬೇಡ. ಅಲ್ಲಿನ ಸಿಸ್ಟರ್‌ಗಳು ನಮ್ಮನ್ನು ಪ್ರೀತಿಯಿಂದ ನೋಡಿಕೊಂಡರು.

ಡಿಸೆಂಬರ್ ಬಂದರೆ ನಮಗೆ ವಾರದ ಕೊನೆಯಲ್ಲಿ ಬಿಡುವಿರುತ್ತಿರಲಿಲ್ಲ. ಶನಿವಾರ ಒಂದು ಸಂಘ, ಭಾನುವಾರ ಬೆಳಿಗ್ಗೆ ಒಂದು ಕಾಲೇಜು, ಸಂಜೆ ಒಂದು ಕುಟುಂಬ. ಪ್ರತಿ ತಂಡಕ್ಕೂ ಅದು ವರ್ಷದ ಒಂದೇ ಭೇಟಿ, ಅವರ ಉತ್ಸಾಹ ನಿಜವಾದದ್ದು. ನಾವು ಬಟ್ಟೆ ಬದಲಿಸಿ, ಸಾಲಾಗಿ ಕುಳಿತು, ಅದೇ ಸ್ವಾಗತ ಗೀತೆ ಹಾಡಿ, ಅದೇ ನೃತ್ಯ ಮಾಡಿ, ಕೇಕ್ ತಿಂದು, ಸಾಲಾಗಿ ನಿಂತು ಉಡುಗೊರೆ ತೆಗೆದುಕೊಂಡು, ‘ಥ್ಯಾಂಕ್ಯೂ ಅಂಕಲ್’ ಎನ್ನಬೇಕಿತ್ತು. ಕೇಕ್ ಹೆಚ್ಚಾಗಿ ಹೊಟ್ಟೆ ಕೆಟ್ಟ ಸಣ್ಣವರನ್ನು ರಾತ್ರಿ ನೋಡಿಕೊಳ್ಳುತ್ತಿದ್ದದ್ದು ನಾವು ದೊಡ್ಡ ಹುಡುಗಿಯರು. ಜನವರಿ ಹತ್ತರ ನಂತರ ಯಾರೂ ಇಲ್ಲ. ‘ಮತ್ತೆ ಬರುತ್ತೇನೆ’ ಎಂದು ಕೆನ್ನೆ ಸವರಿ ಹೋದ ಅಕ್ಕನಿಗಾಗಿ ನಮ್ಮಲ್ಲಿ ಒಬ್ಬಳು ಗೇಟಿನ ಹತ್ತಿರ ಕಾಯುತ್ತಿದ್ದಳು. ಆರು ವರ್ಷದವಳು. ಆ ಅಕ್ಕ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾಳೆ. ಆದರೆ ಮಕ್ಕಳ ಮನೆಯಲ್ಲಿ ಆ ಮಾತನ್ನು ಹಗುರವಾಗಿ ಆಡಬಾರದು. ಬರಲಾಗದಿದ್ದರೆ ಹೇಳಲೇಬೇಡಿ.

ಬೆಂದೂರಿನ ಅಕ್ಕ ಬರೆದ ತಟ್ಟೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಅಡುಗೆ ಮಾಡುವ ಹೆಂಗಸು ಒಬ್ಬರಿದ್ದರು. ಒಂದು ವರ್ಷ ಅವರು ನಮ್ಮನ್ನು ಕೂರಿಸಿಕೊಂಡು ಗುಳಿಯೊ ಮಾಡಿಸಿದರು. ಎರಡು ತಟ್ಟೆ ತುಂಬಿಸಿ, ನನ್ನನ್ನೂ ಇನ್ನೊಬ್ಬಳನ್ನೂ ರಸ್ತೆಯಾಚೆಯ ದಿನಸಿ ಅಂಗಡಿಗೆ ಕಳುಹಿಸಿದರು. ಅಂಗಡಿಯವರ ಹೆಂಡತಿ ಒಳಗಿನಿಂದ ಬಂದು, ಕೈ ಒರೆಸಿಕೊಂಡು, ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ‘ಯಾರು ಮಾಡಿದ್ದು?’ ಎಂದು ಕೇಳಿದರು. ‘ನಾವೇ’ ಎಂದೆ. ಅಲ್ಲಿಯೇ ಒಂದು ಬಾಯಿಗೆ ಹಾಕಿಕೊಂಡು, ಗಟ್ಟಿಯಾಗಿದೆ, ಇನ್ನೊಂದು ಸ್ವಲ್ಪ ತೆಂಗಿನ ಹಾಲು ಬೇಕಿತ್ತು ಎಂದರು! ಎಷ್ಟು ಸಂತೋಷವಾಯಿತೆಂದು ಹೇಗೆ ತಿಳಿಸಲಿ. ಅಲ್ಲಿಯವರೆಗೆ ನಾವು ಹಾಡಿದ್ದನ್ನೂ ಕುಣಿದದ್ದನ್ನೂ ಎಲ್ಲರೂ ‘ಸೂಪರ್’ ಎನ್ನುತ್ತಿದ್ದರು. ಇವರು ನಮ್ಮ ತಿಂಡಿಯನ್ನು ನೆರೆಯವರ ತಿಂಡಿಯಂತೆ ತಿಂದು, ನೆರೆಯವರಿಗೆ ಹೇಳುವಂತೆ ಹೇಳಿದರು. ಖಾಲಿ ತಟ್ಟೆ ಹಿಂದಿರುಗಿಸಬಾರದಲ್ಲವೇ? ನಾಲ್ಕು ಕದಳಿ ಬಾಳೆಹಣ್ಣು ಇಟ್ಟು ಕೊಟ್ಟರು. ಆ ಬಾಳೆಹಣ್ಣನ್ನು ನಮಗೆ ಯಾರೂ ದಾನ ಮಾಡಿದ್ದಲ್ಲ.

ಮಣಿಪಾಲದ ತಮ್ಮನ ಪ್ರಶ್ನೆಗೆ: ಸೈಕಲ್ ಪಂಕ್ಚರ್ ಹಾಕಿ. ಮುರಿದ ಮೇಜಿಗೆ ಮೊಳೆ ಹೊಡೆಯಿರಿ. ಹತ್ತನೆಯ ತರಗತಿಯವರಿಗೆ ಗಣಿತ ಹೇಳಿಕೊಡಿ, ಆದರೆ ಹಬ್ಬದ ದಿನವಲ್ಲ, ಜನವರಿಯಿಂದ ಪರೀಕ್ಷೆಯವರೆಗೆ ವಾರಕ್ಕೊಮ್ಮೆ, ತಪ್ಪದೆ. ವಾಲಿಬಾಲ್ ಆಡಿ, ಬೇಕೆಂದೇ ಸೋಲಬೇಡಿ. ಮಕ್ಕಳಿಗೆ ಗೊತ್ತಾಗುತ್ತದೆ.

ಇನ್ನೊಂದೇ ಮಾತು. ಹದಿನೆಂಟಾದ ಮೇಲೆ ನಾವು ಆ ಮನೆಯಿಂದ ಹೊರಬೀಳುತ್ತೇವೆ. ಆಮೇಲಿನ ಮೊದಲ ಕ್ರಿಸ್ಮಸ್ ಬಹಳ ಕಷ್ಟ. ಪಿಜಿಯಲ್ಲಿದ್ದವರೆಲ್ಲ ಊರಿಗೆ ಹೋಗಿರುತ್ತಾರೆ, ಮೆಸ್ ಮುಚ್ಚಿರುತ್ತದೆ. ನಿಮ್ಮ ಕುಸ್ವಾರ್ ದಿನಕ್ಕೆ ಆ ಮನೆಯಿಂದ ಹೊರಹೋದ ದೊಡ್ಡವರನ್ನೂ ಕರೆಯಿರಿ. ಅವರು ಬರುತ್ತಾರೆ. ನೆವ್ರಿ ಚಕ್ರ ಹಿಡಿಯಲು ಅವರಿಗಿಂತ ಯೋಗ್ಯರು ಯಾರು?

ಬೆಂದೂರಿನ ಅಡುಗೆಮನೆ

ತಂಗೀ, ನೀನು ಬರೆದದ್ದನ್ನು ಮನೆಯವರೆಲ್ಲರಿಗೂ ಓದಿ ಹೇಳಿದೆ. ಹೊರಹೋದವರನ್ನು ಕರೆಯುವ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಮೇಲ್ವಿಚಾರಕರ ಬಳಿ ಅವರ ಸಂಪರ್ಕ ಇರುತ್ತದೆ, ಅವರ ಮೂಲಕವೇ ಕರೆಯುತ್ತೇವೆ. ನೀನೂ ಬರಬೇಕು. ಕೆಲಸದ ಪಾಳಿ ನೋಡಿಕೊಂಡು ದಿನ ಹೇಳು, ಸಾಧ್ಯವಾದರೆ ಅದೇ ದಿನ ಇಟ್ಟುಕೊಳ್ಳೋಣ.

ಕೊಡಿಯಾಲಬೈಲಿನ ಓದುಗ

ಎಲ್ಲರ ಕಾಳಜಿಗೂ ಗೌರವವಿದೆ. ಒಂದು ಪ್ರಶ್ನೆ ಮಾತ್ರ ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಅಲ್ಲಿರುವ ಮಕ್ಕಳೆಲ್ಲ ಕ್ರೈಸ್ತರಲ್ಲ. ಹಿಂದೂ ಮಕ್ಕಳಿದ್ದಾರೆ, ಮುಸ್ಲಿಂ ಮಕ್ಕಳಿರಬಹುದು. ಒಂದು ಧರ್ಮದ ಹಬ್ಬವನ್ನು ಎಲ್ಲರ ಮೇಲೂ ಹೊರಿಸಿದಂತೆ ಆಗುವುದಿಲ್ಲವೇ? ಮನೆಯಲ್ಲಿರುವ ಮಗು ‘ನನಗೆ ಬೇಡ’ ಎನ್ನಬಹುದು, ಅಲ್ಲಿರುವ ಮಗುವಿಗೆ ಆ ಸ್ವಾತಂತ್ರ್ಯ ಎಲ್ಲಿದೆ?

ಉಳ್ಳಾಲದ ಅಂಗಡಿಯವ

ಸರ್, ನಿಮ್ಮ ಪ್ರಶ್ನೆ ಸರಿಯಾದದ್ದೇ. ನನ್ನ ಅಭಿಪ್ರಾಯ ಹೇಳುತ್ತೇನೆ. ಪ್ರಾರ್ಥನೆ ಬೇರೆ, ತಿಂಡಿ ಬೇರೆ. ಪ್ರಾರ್ಥನೆಗೆ ಯಾರನ್ನೂ ಕೂರಿಸಬಾರದು, ಬೈಬಲ್ ಹಂಚಬಾರದು, ಅದರಲ್ಲಿ ರಾಜಿ ಇಲ್ಲ. ಆದರೆ ತಿಂಡಿಯ ತಟ್ಟೆ ನಮ್ಮ ಕಡೆ ಎಲ್ಲ ಮನೆಗಳ ನಡುವೆ ಓಡಾಡುತ್ತಲೇ ಇರುತ್ತದೆ. ಕ್ರಿಸ್ಮಸ್‌ಗೆ ನಮ್ಮ ಮನೆಗೆ ಕುಸ್ವಾರ್ ಬರುತ್ತದೆ. ಪೆರ್ನಾಲ್‌ಗೆ, ಅಂದರೆ ಈದ್‌ಗೆ, ನಾವು ಕಳುಹಿಸುತ್ತೇವೆ. ಅಷ್ಟಮಿಗೆ ಪಕ್ಕದವರು ಉಂಡೆ, ಚಕ್ಕುಲಿ ಕೊಡುತ್ತಾರೆ. ನನ್ನ ಮಕ್ಕಳು ಇವನ್ನೆಲ್ಲ ತಿಂದೇ ಬೆಳೆದವರು, ತಮ್ಮ ನಮಾಜು ಬಿಟ್ಟವರಲ್ಲ.

ಹಾಗಾಗಿ ನನ್ನ ಸೂಚನೆ: ಕ್ರಿಸ್ಮಸ್‌ಗೆ ಕುಸ್ವಾರ್ ಮಾಡಿಸುವವರು ಪೆರ್ನಾಲ್‌ಗೂ ದೀಪಾವಳಿಗೂ ಅಷ್ಟಮಿಗೂ ಅಲ್ಲಿ ಬನ್ನಿ. ಯಾವ ಮಗುವಿನ ಹಬ್ಬವೋ ಆ ಮಗು ಆ ದಿನ ಮುಂದೆ ನಿಲ್ಲಲಿ, ಉಳಿದವರು ಕೈಜೋಡಿಸಲಿ. ಪೆರ್ನಾಲ್ ದಿನದ ಹೊಣೆ ನನ್ನ ಕುಟುಂಬದ್ದು. ಈ ಸಲದ ತೆಂಗಿನಕಾಯಿ, ಸಕ್ಕರೆ, ಮೈದಾ, ಎಳ್ಳು ನನ್ನ ಅಂಗಡಿಯಿಂದ ಬರುತ್ತದೆ, ಲೆಕ್ಕ ಕೇಳಬೇಡಿ. ಎಷ್ಟು ಬೇಕೆಂದು ಮಾತ್ರ ಹೇಳಿ.

ಕೊಡಿಯಾಲಬೈಲಿನ ಓದುಗ

ಅಣ್ಣಾ, ನಿಮ್ಮ ಉತ್ತರ ನನಗೆ ಒಪ್ಪಿಗೆಯಾಯಿತು. ವರ್ಷವಿಡೀ ಎಲ್ಲ ಹಬ್ಬಕ್ಕೂ ಇದ್ದರೆ ನನ್ನ ಆಕ್ಷೇಪ ಉಳಿಯುವುದಿಲ್ಲ. ಅಷ್ಟಮಿಯ ದಿನ ನಾನು ಬರುತ್ತೇನೆ. ನನ್ನ ಅಮ್ಮ ಚಕ್ಕುಲಿ ಒತ್ತುವುದನ್ನು ಕಲಿಸುತ್ತಾರೆ.

ಕಾಪುವಿನ ಟೀಚರ್

ಡಿಸೆಂಬರ್ ಚರ್ಚೆಯ ನಡುವೆ ಜೂನ್ ತರುತ್ತಿದ್ದೇನೆ. ನಮ್ಮ ಶಾಲೆಗೆ ಹತ್ತಿರದ ಮಕ್ಕಳ ಮನೆಯಿಂದ ಮಕ್ಕಳು ಬರುತ್ತಾರೆ. ಅವರಿಗೆ ಕ್ರಿಸ್ಮಸ್‌ನಲ್ಲಿ ಬಂದ ಬಟ್ಟೆಗಳನ್ನು ನೋಡಿದ್ದೇನೆ, ಝರಿಯ ಫ್ರಾಕ್, ಮಿನುಗುವ ಅಂಗಿ. ಜೂನ್‌ನಲ್ಲಿ ಅದೇ ಮಕ್ಕಳು ಒದ್ದೆ ಸಮವಸ್ತ್ರದಲ್ಲಿ ತರಗತಿಗೆ ಬರುತ್ತಾರೆ. ನಮ್ಮ ಕರಾವಳಿಯ ಮಳೆ ನಿಮಗೆ ಗೊತ್ತಿದೆ. ಜೂನ್, ಜುಲೈಯಲ್ಲಿ ಒಮ್ಮೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮನೆಯಲ್ಲಿದ್ದರೆ ತಾಯಿ ಒಲೆಯ ಮೇಲೆ ಹಗ್ಗ ಕಟ್ಟಿಯೋ ಇಸ್ತ್ರಿ ಹಾಕಿಯೋ ಒಣಗಿಸಿ ಕೊಡುತ್ತಾಳೆ. ನಲವತ್ತು ಮಕ್ಕಳ ಸಮವಸ್ತ್ರವನ್ನು ಮೂವರು ಆಯಾಗಳು ಹೇಗೆ ಒಣಗಿಸಬೇಕು? ಬೆಳಿಗ್ಗೆ ಅಂಗಿಯ ಕಾಲರ್ ಮುಟ್ಟಿ ನೋಡಿದರೆ ತಣ್ಣಗೆ, ಹತ್ತಿರ ಬಂದರೆ ಮುಗ್ಗಲು ವಾಸನೆ. ಆ ವಾಸನೆಯಿಂದಾಗಿ ಬೆಂಚಿನಲ್ಲಿ ಪಕ್ಕದವರು ಸರಿದು ಕುಳಿತುಕೊಳ್ಳುತ್ತಾರೆ. ಎಂಟನೆಯ ತರಗತಿಯ ಹುಡುಗಿಗೆ ಅದಕ್ಕಿಂತ ದೊಡ್ಡ ನೋವಿಲ್ಲ. ಜ್ವರ, ಚರ್ಮದ ತುರಿಕೆ ಇದೆಲ್ಲ ಆಮೇಲೆ.

ಇದಕ್ಕೆ ಬೇಕಾಗುವುದು ಮೂರನೆಯ ಜೊತೆ ಸಮವಸ್ತ್ರ, ಒಳ ಉಡುಪು, ಗಟ್ಟಿ ಕೊಡೆ, ನೀರು ಹೋದರೂ ಬೇಗ ಒಣಗುವ ಚಪ್ಪಲಿ. ದುಡ್ಡಿರುವ ಸಂಘಗಳು ಬಟ್ಟೆ ಒಣಗಿಸುವ ಯಂತ್ರವನ್ನೇ ಕೊಡಿಸಬಹುದು. ಕೊಡೆ ಜೂನ್ ಮಧ್ಯಕ್ಕೇ ಗಾಳಿಗೆ ಮುರಿಯುತ್ತದೆ, ಆದ್ದರಿಂದ ಆಗಸ್ಟ್‌ಗೆಂದು ಹತ್ತು ಹೆಚ್ಚಿಗೆ ಇಡಿ. ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ವರ್ಷವಿಡೀ ಬೇಕು, ಆದರೆ ಉಡುಗೊರೆಯ ಪಟ್ಟಿಯಲ್ಲಿ ಅದನ್ನು ಬರೆಯಲು ಜನ ಹಿಂಜರಿಯುತ್ತಾರೆ. ಹಿಂಜರಿಯಬೇಡಿ.

ಕುಲಶೇಖರದವರೇ, ನಿಮ್ಮ ಕಂಪನಿಯ ಗೆಳೆಯರಿಗೆ ಹೇಳಿ: ಊಟದ ಖರ್ಚಿನಲ್ಲಿ ಅರ್ಧವನ್ನು ಈಗಲೇ ಬೇರೆ ತೆಗೆದಿಟ್ಟು ಮೇ ಕೊನೆಯ ವಾರ ಕೊಡಲಿ. ಬಿರಿಯಾನಿ ಕೊಡುವವರು ಡಿಸೆಂಬರ್‌ನಲ್ಲಿ ಇನ್ನೂ ಹತ್ತು ಮಂದಿ ಇರುತ್ತಾರೆ.

ಕುಲಶೇಖರದ ಅಪ್ಪ

ಟೀಚರ್, ವಕೀಲರೇ, ಎರಡೂ ಬರಹಗಳನ್ನು ಅವರಿಗೆ ಕಳುಹಿಸಿದೆ. ಫೋಟೋ ಬೇಡ ಎಂಬುದಕ್ಕೆ ಒಪ್ಪಿದ್ದಾರೆ. ಊಟದ ಹಣದಲ್ಲಿ ಅರ್ಧವಲ್ಲ, ಪೂರ್ತಿಯನ್ನೂ ಸಮವಸ್ತ್ರಕ್ಕೆ ಇಡಲು ಇಬ್ಬರು ಸಿದ್ಧರಿದ್ದಾರೆ. ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದು ಕೇಳುತ್ತಿದ್ದಾರೆ.

ಹಂಪನಕಟ್ಟೆಯ ಲೆಕ್ಕಿಗ

ಚುಟುಕಾಗಿ. ದೇಣಿಗೆಗೆ ತೆರಿಗೆ ವಿನಾಯಿತಿ ಕೊಡಿಸುವ ಅನುಮೋದನೆ (80ಜಿ ಎಂದು ಜನ ಕರೆಯುವುದು) ಸಂಸ್ಥೆಗೆ ಇರಬೇಕು, ಅದನ್ನು ಮೊದಲು ಕೇಳಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮಾಡಲಿ. ಅಕ್ಕಿ, ಬಟ್ಟೆ, ಯಂತ್ರ ಹೀಗೆ ವಸ್ತುರೂಪದಲ್ಲಿ ಕೊಟ್ಟದ್ದಕ್ಕೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ನನ್ನ ಅನುಭವದಲ್ಲಿ ಹಣವಾಗಿ ಕೊಟ್ಟರೆ ಮನೆಯವರಿಗೆ ಅನುಕೂಲ ಹೆಚ್ಚು. ವಿದ್ಯುತ್ ಬಿಲ್ಲು, ಔಷಧಿ, ಆಯಾಗಳ ಸಂಬಳ ಇವಕ್ಕೆ ಯಾರೂ ಕಟ್ಟು ಕಟ್ಟಿ ಉಡುಗೊರೆ ತರುವುದಿಲ್ಲ.

ನಿವೃತ್ತ ಮೇಲ್ವಿಚಾರಕಿ

ಮಕ್ಕಳ ಮನೆಗಳಲ್ಲಿಯೇ ನನ್ನ ಕೆಲಸದ ಕಾಲವೆಲ್ಲ ಕಳೆಯಿತು. ಈ ಚರ್ಚೆ ಓದಿ ಮನಸ್ಸು ತುಂಬಿತು, ಇಷ್ಟು ವಿಚಾರ ಮಾಡಿ ಬರುವವರನ್ನು ನಾನು ಕಂಡದ್ದು ಕಡಿಮೆ. ಒಳಗಿನಿಂದ ನೋಡಿದವಳಾಗಿ ಕೆಲವು ವಿಷಯ ಹೇಳಬೇಕು.

ಮೊದಲನೆಯದಾಗಿ, ಇಷ್ಟೆಲ್ಲ ಮಾತಾಡಿದ ನಾವು ಮಕ್ಕಳನ್ನು ಇನ್ನೂ ಕೇಳಿಲ್ಲ. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳ ಪ್ರಕಾರ ಪ್ರತಿ ಮನೆಯಲ್ಲಿ ಮಕ್ಕಳ ಸಮಿತಿಗಳು ಇರಬೇಕು. 6ರಿಂದ 10, 11ರಿಂದ 15, 16ರಿಂದ 18 ವರ್ಷದವರಿಗೆ ಬೇರೆ ಬೇರೆ. ಅನೇಕ ಕಡೆ ಇವು ಕಾಗದದ ಮೇಲೆ ಉಳಿದಿವೆ. ನೀವು ಮೇಲ್ವಿಚಾರಕರ ಮೂಲಕ ಆ ಸಮಿತಿಗಳಿಗೆ ಒಂದು ಪತ್ರ ಬರೆಯಿರಿ: ನಾವು ಬರಬೇಕೆಂದಿದ್ದೇವೆ, ಏನು ಮಾಡೋಣ, ಯಾವ ದಿನ, ಯಾರ ಮನೆಗಳಿಗೆ ತಟ್ಟೆ ಕಳುಹಿಸುತ್ತೀರಿ? ಹದಿನಾರರ ಹುಡುಗರಿಗೆ ಕಿಡಿಯೊ ಉರುಟುವುದು ಇಷ್ಟವಿಲ್ಲದಿರಬಹುದು, ಅವರು ಗೋದಲಿ ಕಟ್ಟುತ್ತೇವೆ ಎನ್ನಬಹುದು. ಹತ್ತು ಹನ್ನೆರಡು ದಿನ ಮೊದಲೇ ತಟ್ಟೆಯಲ್ಲಿ ರಾಗಿ ಬಿತ್ತಿದರೆ ಗೋದಲಿಯ ಸುತ್ತ ಹಸಿರು ಗದ್ದೆಯೇ ಎದ್ದು ನಿಲ್ಲುತ್ತದೆ. ಒಬ್ಬ ಮಗು ಕೋಣೆಯಲ್ಲಿ ಕುಳಿತು ಓದುತ್ತೇನೆ ಎಂದರೆ ಓದಲಿ. ಕೊಡಿಯಾಲಬೈಲಿನವರು ಕೇಳಿದ ಸ್ವಾತಂತ್ರ್ಯ ಇದೇ.

ದಿನದ ವಿಷಯ. 25ರಂದು ಹೋಗಬೇಡಿ. ಹೋಗಲು ಮನೆ, ಅಜ್ಜಿ, ಚಿಕ್ಕಮ್ಮ ಇದ್ದವರು ರಜೆಯಲ್ಲಿ ಹೋಗಿರುತ್ತಾರೆ, ಉಳಿದವರಿಗೆ ಆ ದಿನ ಮನಸ್ಸು ಭಾರ. ಆ ದಿನ ದೊಡ್ಡ ಗುಂಪು ಬೇಡ. ಬೀದಿಯ ಒಂದಿಬ್ಬರು ಸಂಜೆ ಸುಮ್ಮನೆ ಹೋಗಿ ಮಕ್ಕಳೊಂದಿಗೆ ಚಹಾ ಕುಡಿದು, ಕೇರಂ ಆಡಿ ಬಂದರೆ ಸಾಕು. ಕುಸ್ವಾರ್ ಕೆಲಸವನ್ನು ಒಂದು ವಾರ ಮೊದಲೇ ಇಟ್ಟುಕೊಳ್ಳಿ, ಆಗ ಊರಿಗೆ ಹೋಗುವ ಮಕ್ಕಳೂ ಒಂದು ಡಬ್ಬಿ ತುಂಬಿಕೊಂಡು ಹೋಗುತ್ತಾರೆ. ಅಮ್ಮನಿಗೆಂದು ತಾನೇ ಮಾಡಿದ ನೆವ್ರಿ ಕೊಂಡೊಯ್ಯುವುದು ಆ ಮಗುವಿಗೆ ಎಷ್ಟು ದೊಡ್ಡದೆಂದು ನೋಡಿದವರಿಗೇ ಗೊತ್ತು.

ಉರುಟುವುದು, ಕತ್ತರಿಸುವುದು, ಜೋಡಿಸುವುದು ಮಕ್ಕಳ ಕೆಲಸ. ಎಣ್ಣೆ, ಸಕ್ಕರೆ ಪಾಕ ದೊಡ್ಡವರದ್ದು, ಬಾಣಲೆಯ ಹತ್ತಿರ ಮಕ್ಕಳು ಸುಳಿಯಬಾರದು. ಗೋಡಂಬಿ, ನೆಲಗಡಲೆ, ಎಳ್ಳು ಯಾರಿಗಾದರೂ ಆಗುವುದಿಲ್ಲವೇ ಎಂದು ಮೊದಲೇ ವಿಚಾರಿಸಿ. ತಟ್ಟೆ ಹಂಚಲು ಹೋಗುವಾಗ ಪ್ರತಿ ಗುಂಪಿನೊಂದಿಗೂ ಸಿಬ್ಬಂದಿ ಒಬ್ಬರು ಇರಲಿ. ಯಾವ ಮನೆಗಳಿಗೆ ಎಂಬ ಪಟ್ಟಿಯನ್ನು ಮೇಲ್ವಿಚಾರಕರು ಒಪ್ಪಬೇಕು. ಹೊರಗಿನವರು ಮಕ್ಕಳೊಂದಿಗೆ ಒಬ್ಬರೇ ಇರಬಾರದು, ಎಷ್ಟೇ ಪರಿಚಯವಿರಲಿ. ಇದರಿಂದ ಯಾರೂ ಬೇಸರ ಪಡಬೇಕಾಗಿಲ್ಲ. ‘ನಿನ್ನ ಅಪ್ಪ ಎಲ್ಲಿ, ಇಲ್ಲಿಗೆ ಏಕೆ ಬಂದೆ’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಮಕ್ಕಳು ಬಳಲಿರುತ್ತಾರೆ.

ಕೊನೆಗೊಂದು, ಇದು ಹಬ್ಬಕ್ಕಿಂತ ದೊಡ್ಡ ವಿಷಯ. ಮಗುವನ್ನು ಸಂಸ್ಥೆಯಲ್ಲಿಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂಬುದು ಕಾಯ್ದೆಯ ತತ್ವ. ಬಡತನವೊಂದೇ ಕಾರಣವಾದರೆ ಮಗು ತನ್ನ ಮನೆಯಲ್ಲಿಯೇ ಬೆಳೆಯಬೇಕು. ಕೇಂದ್ರದ ಮಕ್ಕಳ ರಕ್ಷಣೆಯ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂದು ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಗಂಡನನ್ನು ಕಳೆದುಕೊಂಡು ಮನೆಕೆಲಸಕ್ಕೆ ಬರುವ ಹೆಂಗಸರು ನಿಮ್ಮ ಮನೆಗಳಲ್ಲಿಯೇ ಇದ್ದಾರೆ, ಅವರಿಗೆ ಈ ಯೋಜನೆಯ ಹೆಸರೂ ತಿಳಿದಿರುವುದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅವರನ್ನು ಕರೆದುಕೊಂಡು ಹೋಗಿ ಅರ್ಜಿ ತುಂಬಿಸಿ ಕೊಡಿ. ಒಂದು ಮಗು ಮನೆ ಬಿಟ್ಟು ಬರುವುದು ತಪ್ಪಿದರೆ, ನೂರು ಕೇಕ್ ಅದಕ್ಕೆ ಸಮವಲ್ಲ. ಕಷ್ಟದಲ್ಲಿರುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಹಗಲು ರಾತ್ರಿ ಯಾವಾಗಲಾದರೂ.

ಅಲ್ಲೇ ಬೆಳೆದವಳು

ಮೇಡಂ, ‘ಇಲ್ಲಿಗೆ ಏಕೆ ಬಂದೆ’ ಎಂದು ಕೇಳಬೇಡಿ ಎಂದು ಬರೆದಿರಲ್ಲ, ಅದಕ್ಕಾಗಿ ನಿಮಗೆ ಕೈಮುಗಿಯುತ್ತೇನೆ. ಬೆಂದೂರಿನ ಅಕ್ಕಾ, ನನಗೆ ಶನಿವಾರ ರಾತ್ರಿ ಪಾಳಿ, ಭಾನುವಾರ ಬಿಡುವು. ಬೆಳಿಗ್ಗೆಯ ಬಸ್ಸಿಗೆ ಹೊರಟರೆ ಹತ್ತು ಗಂಟೆಯೊಳಗೆ ಮಂಗಳೂರಿನಲ್ಲಿರುತ್ತೇನೆ.

ಮಣಿಪಾಲದ ವಿದ್ಯಾರ್ಥಿ

ನಮ್ಮ ತಂಡ ಸಾಂತಾ ವೇಷದ ಬಾಡಿಗೆ ರದ್ದುಮಾಡಿದೆ. ಆ ಹಣಕ್ಕೆ ಸೈಕಲ್ ರಿಪೇರಿಯ ಸಾಮಾನು ಕೊಳ್ಳುತ್ತೇವೆ. ಗಣಿತ ಮತ್ತು ವಿಜ್ಞಾನಕ್ಕೆ ಐವರು ಹೆಸರು ಕೊಟ್ಟಿದ್ದಾರೆ. ಪರೀಕ್ಷೆಯವರೆಗೆ ಒಂದು ವಾರವೂ ತಪ್ಪಿಸುವುದಿಲ್ಲ ಎಂದು ಒಪ್ಪಿಕೊಂಡವರ ಹೆಸರನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಬೆಂದೂರಿನ ಅಡುಗೆಮನೆ

ಮೇಲ್ವಿಚಾರಕರೊಂದಿಗೆ ಮಾತಾಡಿ ಬಂದೆ. ಮಕ್ಕಳ ಸಮಿತಿಗೆ ಪತ್ರ ತಲುಪಿದೆ, ಉತ್ತರವೂ ಬಂದಿದೆ. ಕ್ರಿಸ್ಮಸ್‌ಗೆ ಮೊದಲಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರು. ದೊಡ್ಡ ಹುಡುಗರು ಗೋದಲಿ ಕಟ್ಟುತ್ತಾರಂತೆ, ರಾಗಿ ಬಿತ್ತಲು ಹಳೆಯ ಟ್ರೇ ಬೇಕೆಂದು ಕೇಳಿದ್ದಾರೆ. ತಟ್ಟೆ ಕಳುಹಿಸಬೇಕಾದವರ ಪಟ್ಟಿಯನ್ನು ಅವರೇ ಬರೆದಿದ್ದಾರೆ: ಬೀದಿಯ ಮನೆಗಳು, ಶಾಲೆಯ ಬಸ್ ಚಾಲಕರು, ಹಾಲು ತರುವವರು, ಪೌರಕಾರ್ಮಿಕರು, ಕ್ಲಿನಿಕ್‌ನ ಡಾಕ್ಟರ್, ಲೈನ್‌ಮನ್. ನನ್ನ ಪಟ್ಟಿಯಲ್ಲಿ ಇವರಲ್ಲಿ ಅರ್ಧ ಜನ ಇರಲಿಲ್ಲ.

ಉಳ್ಳಾಲದ ಅಣ್ಣಾ, ಮೈದಾ 15 ಕಿಲೋ, ಸಕ್ಕರೆ 12, ಎಳ್ಳು 3, ತೆಂಗಿನಕಾಯಿ 60 ಸಾಕು. ಅಕ್ಕಿ ಹುರಿದು ಹಿಟ್ಟು ಮಾಡಿಸುವುದು ನನ್ನ ಪಾಲು. ಕೊಕ್ಕಿಸಾಂ ಅಚ್ಚು ಇರುವವರು ಹಿಂದಿನ ರಾತ್ರಿ ಎಣ್ಣೆಯಲ್ಲಿ ನೆನೆಹಾಕಿ ತನ್ನಿ, ಇಲ್ಲದಿದ್ದರೆ ಹಿಟ್ಟು ಅಂಟುತ್ತದೆ. ಹೊಸ ಬಾಚಣಿಗೆ ಎರಡು ಡಜನ್ ಬೇಕು, ಯಾರು ತರುತ್ತೀರಿ? ಬೀದಿಯವರಿಗೆ ಒಂದು ಮನವಿ: ಆ ಸಂಜೆ ನಾಲ್ಕರಿಂದ ಆರರವರೆಗೆ ಮನೆಯಲ್ಲಿರಿ, ತಟ್ಟೆ ಬರುತ್ತದೆ. ಹಿಂದಿರುಗಿಸುವಾಗ ಹಣ ಇಡಬೇಡಿ. ನೆರೆಮನೆಯ ತಟ್ಟೆಗೆ ಏನು ಇಡುತ್ತೀರೋ ಅದನ್ನೇ ಇಡಿ.

ಕುಲಶೇಖರದ ಅಪ್ಪ

ಬಾಚಣಿಗೆ ನನ್ನ ಮಗಳು ತರುತ್ತಾಳೆ. ಹಳೆಯ ಟ್ರೇ ನಾಲ್ಕು ಇವೆ, ನಾಳೆ ಸಂಜೆಯೇ ತಲುಪಿಸುತ್ತೇನೆ, ರಾಗಿ ಮೊಳೆಯಲು ದಿನ ಬೇಕಲ್ಲ.